ಎರಿ ಹೊಲಕ್ಕೂ ಡಾಂಬರಿಗೂ ಒಂದ ಟೈರ್: ಹಿಮಾಲಯನ್ 411ಕ್ಕ ಯಾವದು ಹಾಕಸ್ಲಿ?

ಜಮಖಂಡಿ_ಹನಿ · ಮೇ 17, ರಾತ್ರಿ 9:42

ನಮಸ್ಕಾರ್ರೀ ಎಲ್ಲಾರಿಗೂ. ಇಲ್ಲಿ ಓದಾಕತ್ತಿ ಎರಡ ವರ್ಷ ಆತು, ಬರಿಯೋದು ಇದ ಮೊದಲ. ತಪ್ಪಿದ್ರ ಬೈರಿ, ಆದ್ರ ಉತ್ತರಾ ಕೊಟ್ಟ ಬೈರಿ.

ನಾನು ಹನಿ ನೀರಾವರಿ ಕೆಲಸದಾಂವ. ಕಬ್ಬಿನ ಹೊಲದಾಗ ಪೈಪ್ ಹಾಸೋದು, ಫಿಲ್ಟರ್ ತೊಳಿಯೋದು, ಇಲಿ ಕಡದದ್ದು ಜೋಡ್ಸೋದು. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, 23 ಸಾವಿರ ಕಿಲೋಮೀಟರ್ ಓಡೇತಿ. ಟೈರಿನ ಅಳತಿ ಮುಂದ 90/90-21, ಹಿಂದ 120/90-17, ಎರಡೂ ಟ್ಯೂಬಿನವು. ಕಂಪನಿಯಿಂದ ಬಂದದ್ದು ಸಿಯೆಟ್ ಗ್ರಿಪ್ ಎಕ್ಸ್‌ಎಲ್. ಹಿಂದಿಂದು ಒಮ್ಮಿ ಬದಲಿ ಮಾಡೇನಿ, ಅದೂ ಈಗ ನಡುವ ಬೋಳ ಆಗೇತಿ. ಮುಂದಿಂದು ಮೊದಲಿಂದ.

ದಿನದ ಓಡಾಟ ಹತ್ತ ಭಾಗ ಮಾಡಿದ್ರ ಏಳು ಡಾಂಬರು, ಎರಡು ಗರಸಿನ ಹಾದಿ, ಒಂದು ಚಕ್ಕಡಿ ದಾರಿ. ಆ ಒಂದ ಭಾಗ ನನ್ನ ಜೀವಾ ತಿಂತೈತಿ. ಹೋದ ವಾರ ಅಡ್ಡಮಳಿ ಆತಲ್ಲ, ಚಿಕ್ಕಪಡಸಲಗಿ ಕಡೆ ಟ್ರ್ಯಾಕ್ಟರ್ ಗಾಲಿಗೆ ಹತ್ತಿದ ಕರೇ ಎರಿ ಮಣ್ಣು ಡಾಂಬರ ಮ್ಯಾಲೆಲ್ಲಾ ಬಿದ್ದಿತ್ತು. ಹಿಂದ ಪೈಪಿನ ಸುರುಳಿ ಕಟ್ಟಿದ್ದೆ. ಹಿಂದಿನ ಗಾಲಿ ಹಿಂಗ ಬಾಲಾ ಬೀಸಿದಂಗ ಬೀಸ್ತು. ಬೀಳಲಿಲ್ಲ, ಆದ್ರ ಎದಿ ಡವಡವ ಅನ್ನೋದು ಮನಿ ಮುಟ್ಟೂತನಾ ನಿಲ್ಲಲಿಲ್ಲ.

ಪೂರಾ ಬಟನ್ ಟೈರ್, ಅಂದ್ರ ಎತ್ತರದ ರಬ್ಬರ್ ತುಂಡು ಬಿಡಿಬಿಡಿಯಾಗಿ ಇದ್ದದ್ದು, ಹಾಕಿಸಿಬಿಡ್ಲ್ಯಾ? ಹಿಂದ 140 ಅಗಲದ್ದು ಹಾಕಸಂತ ಗೆಳ್ಯಾ ಒಬ್ಬ ಹೇಳಾಕತ್ತಾನ, ಅದು ಕೂಡತೈತೇನು? ರೋಹಿಣಿ ಮಳಿಗೆ ಇನ್ನ ಒಂದ ವಾರ ಐತಿ, ಅಷ್ಟರಾಗ ಮುಗಸ್ಬೇಕು.


ಹಳೇ_ರಾಜದೂತ · ಮೇ 17, ರಾತ್ರಿ 10:05

ಎತ್ತ ಕಟ್ಟಪಾ. ಟೈರ್ ಚಿಂತಿಲ್ಲ, ಪೆಟ್ರೋಲ್ ಚಿಂತಿಲ್ಲ, ಬಾಲಾ ಬೀಸಿದ್ರೂ ಯಾರೂ ಅಂಜಂಗಿಲ್ಲ.


ಕುಂದಾನಗರಿ_ಸವಾರ · ಮೇ 17, ರಾತ್ರಿ 10:58

ದೋಸ್ತ, ಪ್ರಶ್ನೆಯೊಳಗ ನೀವ ಉತ್ತರಾ ಬರದೀರಿ. ಹತ್ತರಾಗ ಏಳು ಡಾಂಬರು. ಬಟನ್ ಟೈರ್ ಆ ಒಂದ ಭಾಗಕ್ಕ ಛಲೋ, ಉಳಿದ ಏಳಕ್ಕ ನೀವು ದಿನಾ ದಂಡಾ ಕಟ್ಟಬೇಕು.

ಜಾಹೀರಾತಿನಾಗ 50-50, 70-30, 80-20 ಅಂತ ಬರೀತಾರ. ಮೊದಲನೇ ಅಂಕಿ ಡಾಂಬರಿಂದು, ಎರಡನೇದು ಮಣ್ಣಿಂದು. ಆದ್ರ ಇದನ್ನ ಅಳಿಯೋ ತಕ್ಕಡಿ ಎಲ್ಲಿಯೂ ಇಲ್ಲ, ಆಯಾ ಕಂಪನಿಯವ್ರು ತಮ್ಮ ಅಂದಾಜಿಗೆ ಹೇಳೋ ಮಾತು. ಒಬ್ಬರ 70-30 ಇನ್ನೊಬ್ಬರ 80-20ಕ್ಕಿಂತ ಸಪಾಟ ಇರಬಹುದು. ಅಂಕಿ ಬಿಟ್ಟು ಟೈರಿನ ಮುಖಾ ನೋಡ್ರಿ. ಕಾಂಟಿನೆಂಟಲ್ ಟಿಕೆಸಿ 80 ಅಂತ ಹೆಸರಾದ ಟೈರ್ ಐತಿ, ಫೋಟೋ ತಗದ ನೋಡ್ರಿ: ಬಟನ್ ಒಂದೊಂದೂ ಬಿಡಿಬಿಡಿಯಾಗಿ ನಿಂತಾವು, ನಡುವ ಹೆಬ್ಬೆರಳು ಇಡಬಹುದು. ಮಿಶ್ಲಿನ್ ಅನಾಕೀ ವೈಲ್ಡ್‌ನೂ ಅದ ಕುಲದ್ದು. ನಿಮ್ಮ ಗ್ರಿಪ್ ಎಕ್ಸ್‌ಎಲ್ ಹಂಗಲ್ಲ, ಅದರ ತುಂಡು ದೊಡ್ಡವು, ನಡುವಿನ ಸಂದಿ ಸಣ್ಣವು.

ಆ ಸಂದಿ ಯಾಕ ಬೇಕು? ಮಣ್ಣೊಳಗ ಬಟನ್ ಕಚ್ಚಿ ಹಿಡೀಬೇಕು, ಹಿಡಿದ ಮಣ್ಣು ಗಾಲಿ ತಿರುಗಿದಂಗ ಸಂದಿಯಿಂದ ಉದುರಿ ಹೋಗಬೇಕು. ಡಾಂಬರ ಮ್ಯಾಲ ಕಚ್ಚಾಕ ಏನಿಲ್ಲ. ಅಲ್ಲಿ ಎಷ್ಟ ರಬ್ಬರ್ ನೆಲಕ್ಕ ಹತ್ತತೈತಿ ಅಷ್ಟ ಹಿಡಿತ. ಸಂದಿ ಇದ್ದಲ್ಲೆಲ್ಲಾ ರಬ್ಬರ್ ಇಲ್ಲ, ಬರೇ ಗಾಳಿ. ಮ್ಯಾಲ ಗಾಡಿ ಬಾಗಿಸಿದಾಗ ಎತ್ತರದ ಬಟನ್ ಬಳುಕತಾವು, ಗಾಡಿ ಜೋಲಿ ಹೊಡದಂಗ ಆಗತೈತಿ. ಬ್ರೇಕ್ ಹಿಡಿದ್ರ ನಿಲ್ಲಾಕ ಹೆಚ್ಚ ಜಾಗಾ ಬೇಕು. ಸವೆಯೋದೂ ಬೇಗ.

ನನ್ನ ಮೈಮ್ಯಾಲಿನ ಪಾಠಾ ಹೇಳತೇನಿ. ಮೂರು ವರ್ಷದ ಹಿಂದ ಹಟಾ ಮಾಡಿ ಬಟನ್ ಹಾಕಿಸಿದೆ. ಜಾಂಬೋಟಿ, ಕಣಕುಂಬಿ ಕಡೆ ಕೆಂಪು ಮಣ್ಣಿನ ಹಾದಿಯೊಳಗ ರಾಜಾನಂಗ ಓಡ್ಯಾಡಿದೆ. ಅದರ ಮರುದಿನ ಸೋಮವಾರ ಮುಂಜಾನೆ ಚನ್ನಮ್ಮ ಸರ್ಕಲ್ಲಿನ್ಯಾಗ, ಜೂನ್ ತಿಂಗಳ ಮೊದಲನೇ ಮಳಿ, ಬಿಳಿ ಪಟ್ಟಿ ಮ್ಯಾಲ ಮುಂದಿನ ಗಾಲಿ ಜಾರಿತು. ಇಡೀ ಬೆಳಗಾವಿ ಆಫೀಸಿಗೆ ಹೊಂಟ ಹೊತ್ತು. ಮೊಣಕಾಲಿಗಿಂತ ಮಾನಾ ಹೆಚ್ಚ ಕೆತ್ತಿತ್ತು. ಅವತ್ತಿಂದ ಬಟನ್‌ಗೆ ಕೈ ಮುಗದೇನಿ.


ಕೆಂಪುಕಲ್ಲು_ಬಾದಾಮಿ · ಮೇ 18, ಬೆಳಗ್ಗೆ 6:20

ಕುಂದಾನಗರಿ ಅಣ್ಣಾ, ಒಂದು ಮಾತು ಕೇಳಲಾ? ಆ ಸೋಮವಾರ ನಿಮ್ಮ ಟೈರಿನಲ್ಲಿ ಹವಾ ಎಷ್ಟಿತ್ತು?


ಕುಂದಾನಗರಿ_ಸವಾರ · ಮೇ 18, ಬೆಳಗ್ಗೆ 7:02

ಟೀಚರ್ ಮಂದಿ ಪ್ರಶ್ನೆ ಹಿಂಗ ಇರತಾವು ನೋಡ್ರಿ.

ಭಾನುವಾರ ಮಣ್ಣಿಗೆ ಅಂತ 18ಕ್ಕ ಇಳಿಸಿದ್ದೆ. ಸಂಜಿ ಮುಂದ ಪಂಪ್ ಮಾಡೋದು ಬಿಟ್ಟ ಹಂಗ ಮಲಗಿದ್ದೆ. ಸಾಕಾ?


ಕೆಂಪುಕಲ್ಲು_ಬಾದಾಮಿ · ಮೇ 18, ಬೆಳಗ್ಗೆ 7:31

ಸಾಕು, ಧನ್ಯವಾದ. ಬಟನ್ ಟೈರ್ ಒದ್ದೆ ಡಾಂಬರಿನಲ್ಲಿ ಸೋಲುತ್ತದೆ ಎನ್ನುವುದು ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ 18 ಪಿಎಸ್‌ಐ (ಹವಾದ ಒತ್ತಡದ ಅಳತೆ) ಇಟ್ಟುಕೊಂಡು ಸುಮಾರು 200 ಕಿಲೋ ತೂಕದ ಗಾಡಿಯನ್ನು ಸರ್ಕಲ್ಲಿನಲ್ಲಿ ತಿರುಗಿಸಿದರೆ ಯಾವ ಟೈರ್ ಆದರೂ ಮುನಿಸಿಕೊಳ್ಳುತ್ತದೆ. ನಾವೆಲ್ಲ ಟೈರಿನ ಹೆಸರಿಗೆ ವಾರಗಟ್ಟಲೆ ಜಗಳ ಆಡುತ್ತೇವೆ, ಹವಾ ಮಾತ್ರ ಹೆಬ್ಬೆಟ್ಟಿನಿಂದ ಒತ್ತಿ ನೋಡಿ "ಐತಿ ಬಿಡ" ಅನ್ನುತ್ತೇವೆ. ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಗಾಡಿ ಇರುವವರು ಒಂಬತ್ತು ಜನ, ಹವಾ ಅಳೆಯುವ ಗೇಜ್ ಇರುವುದು ನನ್ನ ಹತ್ತಿರ ಒಂದೇ. ಅದನ್ನೂ ಸಾಲ ಕೇಳುತ್ತಾರೆ.

ನನ್ನದು ಹೀರೋ ಎಕ್ಸ್‌ಪಲ್ಸ್ 200 ಬೈಕು, ಮುಂದೆ ನಿಮ್ಮದೇ 21, ಹಿಂದೆ 120/80-18. ನಿಮ್ಮ ಗಾಡಿಗಿಂತ 40 ಕಿಲೋ ಹಗುರ, ಆದ್ದರಿಂದ ನನ್ನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಡಾಂಬರಿಗೆ ಕಂಪನಿ ಬರೆದಷ್ಟೇ. ಗರಸಿನ ಹಾದಿಗೆ ಮೂರು ನಾಲ್ಕು ಪಿಎಸ್‌ಐ ಕಡಿಮೆ ಮಾಡುತ್ತೇನೆ. ಮಲಪ್ರಭೆ ದಂಡೆಯ ಉಸುಕಿನಲ್ಲಿ ಇನ್ನೂ ಇಳಿಸುತ್ತೇನೆ, ಆದರೆ 18ರ ಕೆಳಗೆ ಇಲ್ಲ. ಟ್ಯೂಬ್ ಗಾಡಿಗೆ ಅದರ ಕೆಳಗೆ ಎರಡು ಕಂಟಕ. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಇನ್ನೊಂದು, ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಸರಿಯುತ್ತದೆ, ಜೊತೆಗೆ ಟ್ಯೂಬೂ ಸರಿದು ವಾಲ್ವಿನ ಬುಡ ಹರಿಯುತ್ತದೆ. ನಿಮ್ಮ ವಾಲ್ವ್ ನೆಟ್ಟಗೆ ನಿಲ್ಲದೆ ಓರೆಯಾಗಿದ್ದರೆ ಸರಿಯಲು ಶುರುವಾಗಿದೆ ಎಂದೇ ಅರ್ಥ.

ಬೆಳಗ್ಗೆ ಗಾಡಿ ತೆಗೆಯುವ ಮೊದಲೇ ಅಳೆಯಿರಿ. ನಮ್ಮ ಬಿಸಿಲಿನಲ್ಲಿ ಮೂವತ್ತು ಕಿಲೋಮೀಟರ್ ಓಡಿದ ಮೇಲೆ ಅಳೆದರೆ ಅಂಕಿ ಏರಿರುತ್ತದೆ. ಹೆಚ್ಚಾಯಿತೆಂದು ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ.


ಮುಳ್ಳಿನ_ಕಾಕಾ · ಮೇ 18, ಮಧ್ಯಾಹ್ನ 2:15

ಟೀಚರ್ ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ ಅದ. ನಾ ಸಿಂದಗಿ ರೋಡಿನ್ಯಾಗ ಪಂಚರ್ ಅಂಗಡಿ ಇಟ್ಟು ಇಪ್ಪತ್ತೆರಡ ವರ್ಷ ಆತು. ನನ್ನ ಅಂಗಡಿ ಮೀಟರ್ ಮೂರ ಪಿಎಸ್‌ಐ ಸುಳ್ಳ ಹೇಳ್ತದ. ಹೇಳಿಕೋತ ಹವಾ ಹೊಡೀತೀನಿ, ಆದ್ರ ಬ್ಯಾರೆ ಅಂಗಡಿಯವ್ರು ಹೇಳಂಗಿಲ್ಲ. ಪೆನ್ನಿನಂಥ ಗೇಜ್ ಸಿಗ್ತದ, ತಗೊಂಡು ಕಿಸೆದಾಗ ಇಟ್ಕೊ ತಮ್ಮಾ.

ನೀವೆಲ್ಲಾ ಗ್ರಿಪ್ ಗ್ರಿಪ್ ಅಂತೀರಿ, ನನ್ನ ಹೊಟ್ಟಿ ತುಂಬ್ಸೋದು ಜಾಲಿ ಮುಳ್ಳ. ಬೇಲಿ ಕಡದು ಹಾದಿಗೆ ಚೆಲ್ಲಿರ್ತಾರ. ಬಳ್ಳಾರಿ ಜಾಲಿ ಮುಳ್ಳ ಒಣಗಿದ್ರ ದಬ್ಬಣ ಇದ್ದಂಗ. ಬಟನ್ ಟೈರ್ ದಪ್ಪ ಅದ, ಮುಳ್ಳ ಹೋಗಂಗಿಲ್ಲ ಅಂತ ಮಂದಿ ತಿಳಕೊಂಡಾರ. ಬಟನ್ ಮ್ಯಾಲ ಬಿದ್ರ ಹೋಗಂಗಿಲ್ಲ. ಬಟನ್ ನಡುವ ಸಂದ್ಯಾಗ ಬಿದ್ರ? ಅಲ್ಲಿ ರಬ್ಬರ್ ತೆಳ್ಳಗ, ಸೀದಾ ಟ್ಯೂಬಿಗೆ. ಹಳೇ ಬೋಳ ಟೈರಿಗಂತೂ ಕೇಳಬ್ಯಾಡ.

ಮುಳ್ಳ ಹೋದ ಟ್ಯೂಬ್ ಬಿಚ್ಚಿದಾಗ ಟೈರ್ ಒಳಗ ಬರಿಗೈಲೆ ಸುತ್ತೆಲ್ಲಾ ಸವರಿ ನೋಡಬೇಕು, ನಿಧಾನ, ಇಲ್ಲಾಂದ್ರ ಬೆರಳಿಗೇ ಹತ್ತತದ. ಮುಳ್ಳಿನ ತುದಿ ಮುರದು ರಬ್ಬರಿನ್ಯಾಗ ಉಳದಿರ್ತದ, ಹೊರಗಿಂದ ಕಾಣಂಗಿಲ್ಲ. ಹೊಸಾ ಟ್ಯೂಬ್ ಹಾಕಿ ಹತ್ತ ಕಿಲೋಮೀಟರ್ ಹೋಗಿ ಮತ್ತ ಪಂಚರ್ ಅಂತ ಬಂದವ್ರನ್ನ ವಾರಕ್ಕ ಇಬ್ಬರನ್ನ ನೋಡ್ತೀನಿ.

ಇನ್ನೊಂದ ಮಾತ. 21 ಇಂಚಿನ ಟ್ಯೂಬ್ ಹಳ್ಳ್ಯಾಗ ಸಿಗಂಗಿಲ್ಲ. 17, 18 ಎಲ್ಲಾ ಕಡೆ ಅವ, ಯಾಕಂದ್ರ ಸಾದಾ ಗಾಡಿ ಎಲ್ಲಾ ಅದ ಅಳತಿವು. 21 ನನ್ನ ಅಂಗಡ್ಯಾಗೂ ಒಮ್ಮೊಮ್ಮಿ ಇರಂಗಿಲ್ಲ. ನಿನ್ನ ಚೀಲದಾಗ ಒಂದ 21 ಇರ್ಲಿ. ಅಡಚಣ್ಯಾಗ ಅದನ್ನ ಮಡಚಿ ಹಿಂದಿನ ಗಾಲಿಗೂ ತುರಕಬಹುದು, ಮನಿ ಮುಟ್ಟೂತನಾ ಅಷ್ಟ. ಹಿಂದಿನ ಟ್ಯೂಬ್ ಮುಂದ ಹಾಕಾಕ ಮಾತ್ರ ಬರಂಗಿಲ್ಲ.


ಟ್ಯೂಬ್‌ಲೆಸ್_ಪೈಲ್ವಾನ್ · ಮೇ 18, ಮಧ್ಯಾಹ್ನ 3:40

ಇಷ್ಟೆಲ್ಲಾ ಯಾಕ್ರಿ ಕಾಕಾ, ಟ್ಯೂಬ್‌ಲೆಸ್ ಮಾಡ್ಸಿದ್ರ ಮುಗೀತು. ಸ್ಪೋಕ್ ತಲಿಗೆಲ್ಲಾ ಸೀಲೆಂಟ್ ಹಚ್ಚಿ ಟೇಪ್ ಸುತ್ತತಾರ. ಮುಳ್ಳ ಚುಚ್ಚಿದ್ರ ಗಾಲಿ ಬಿಚ್ಚೋದಿಲ್ಲ, ಕಡ್ಡಿ ತುರುಕಿ ಹವಾ ಹೊಡಿ, ನಡಿ. ಹಿಮಾಲಯನ್ 450ಗೆ ಕಂಪನಿನ ಟ್ಯೂಬ್‌ಲೆಸ್ ಸ್ಪೋಕ್ ಗಾಲಿ ಕೊಡತೈತಿ. ನಾವೂ ಮುಂದ ಹೋಗಬೇಕು.


ಮುಳ್ಳಿನ_ಕಾಕಾ · ಮೇ 18, ಸಂಜೆ 5:10

ಕಂಪನಿ ಕೊಟ್ಟ ಗಾಲಿ ಬ್ಯಾರೆ, ಟೇಪ್ ಸುತ್ತಿದ ಗಾಲಿ ಬ್ಯಾರೆ ಪೈಲ್ವಾನಾ. ಟ್ಯೂಬ್‌ಲೆಸ್‌ಗಂತ ಮಾಡಿದ ರಿಮ್ಮಿನೊಳಗ ಅಂಚಿಗೆ ಸಣ್ಣ ದಿಬ್ಬ ಇರ್ತದ, ಟೈರಿನ ತುಟಿ ಒಳಗ ಜಾರದಂಗ ಅದು ತಡೀತದ. ಟ್ಯೂಬಿನ ರಿಮ್ಮಿಗೆ ಆ ದಿಬ್ಬ ಇಲ್ಲದಿದ್ರ, ಹವಾ ಇಳಿಸಿ ಕಲ್ಲಿಗೆ ಬಡದ ದಿನ ತುಟಿ ಬಿಡ್ತದ, ಹವಾ ಒಮ್ಮಿಗೇ ಖಾಲಿ. ಅದೂ ಮುಂದಿನ ಗಾಲಿ ಆದ್ರ ದೇವರೇ ಗತಿ. ಕೆಲಸಾ ಬಲ್ಲವ್ರ ಕಡಿಂದ, ರಿಮ್ ನೋಡಿ ಮಾಡ್ಸಿದ್ರ ಬ್ಯಾಡ ಅನ್ನಂಗಿಲ್ಲ. ಯಾರೋ ಮಾಡ್ಯಾರಂತ ಮಾಡ್ಸಬ್ಯಾಡ್ರಿ. ಒಂದ ವರ್ಷದಾಗ ಟೇಪ್ ಬಿಟ್ಟು ಸ್ಪೋಕಿನ ಬುಡಕ್ಕ ಗುಳ್ಳಿ ಏಳೂ ಗಾಲಿ ನನ್ನ ನೀರಿನ ಟಬ್ಬಿನ್ಯಾಗ ನೋಡೀನಿ.


ಟ್ಯೂಬ್‌ಲೆಸ್_ಪೈಲ್ವಾನ್ · ಮೇ 18, ಸಂಜೆ 5:22

ಟ್ಯೂಬ್‌ಲೆಸ್ ಬಂದ್ರ ನಿಮ್ಮ ಅಂಗಡಿ ಮುಚ್ಚತೈತಿ ಅಂತ ಅಂಜಿಕಿ ಅಲ್ಲೇನ್ರಿ ಕಾಕಾ 😄


ಮುಳ್ಳಿನ_ಕಾಕಾ · ಮೇ 18, ಸಂಜೆ 5:30

ಜಾಲಿ ಇರೂತನಾ ನನಗ ಅಂಜಿಕಿ ಇಲ್ಲ ತಮ್ಮಾ.


ಡೋಣಿ_ದಂಡಿ · ಮೇ 18, ರಾತ್ರಿ 8:47

ತಾಳಿಕೋಟಿ ಕಡಿ ರೈತ ನಾನು. ನನ್ನ ಕಡಿ ಗಾಡಿ ಸಾದಾ ಸ್ಪ್ಲೆಂಡರ್. ನಿಮ್ಮ ಮಾತೆಲ್ಲಾ ಓದಿದೆ, ಮಣ್ಣಿನ ಸುದ್ದಿ ಒಬ್ಬರೂ ಸರಿಯಾಗಿ ತಗೀಲಿಲ್ಲ.

ಕೆಂಪ ಮಣ್ಣ ಬ್ಯಾರೆ, ಎರಿ ಬ್ಯಾರೆ. ಕುಂದಾನಗರಿಯವ್ರು ಓಡ್ಯಾಡಿದ ಖಾನಾಪುರ ಕಡಿ ಮಣ್ಣು ಮಳ್ಯಾಗ ಜಾರತದ, ಆದ್ರ ಕೆಳಗ ಗಟ್ಟಿ ನೆಲ ಸಿಗ್ತದ, ಬಟನ್ ಕಚ್ಚಿ ಹಿಡೀತದ. ಬಾದಾಮಿ ಕಡಿ ಮಸಾರಿ, ಉಸುಕು. ನೀರ ಕುಡದು ಬಿಡ್ತದ, ಮಳಿ ನಿಂತು ಒಂದ ತಾಸಿಗೆ ಹಾದಿ ಆಗ್ತದ. ನಮ್ಮ ಎರಿ ಹಂಗಲ್ಲ. ನೀರ ಕುಡದು ಉಬ್ಬತದ, ಬ್ಯಾಸಿಗ್ಯಾಗ ಬಿರದು ನಾಕ ಬೆರಳು ಹೋಗೂವಷ್ಟು ಬಾಯಿ ಬಿಡ್ತದ. ತೊಯ್ದಾಗ ಬೆಲ್ಲದ ಪಾಕ. ನಿಮ್ಮ ಬಟನ್ ಎರಡ ಸುತ್ತ ತಿರಗೂದ್ರಾಗ ಸಂದಿ ಎಲ್ಲಾ ತುಂಬಿ ಗುಂಡ ಹಪ್ಪಳ ಆಗ್ತದ. ಆಮ್ಯಾಲ ಐವತ್ತ ರೂಪಾಯಿ ಟೈರಾದ್ರೇನು, ಐವತ್ತ ಸಾವಿರದ್ದಾದ್ರೇನು. ಮಡ್‌ಗಾರ್ಡಿಗೂ ಗಾಲಿಗೂ ನಡುವ ಮಣ್ಣ ಮೆತಗೊಂಡು ಗಾಲಿ ತಿರಗೂದ ನಿಲ್ಲತದ. ನಮ್ಮ ಓಣಿ ಹುಡುಗ ಎಂಜಿನ್ ಜೋರ ಮಾಡಿ ಕ್ಲಚ್ ಸುಟಗೊಂಡು ಕುಂತ.

ನಮ್ಮ ಡೋಣಿ ಹೊಳಿ ದಂಡಿಗೆ "ಡೋಣಿ ಬೆಳದ್ರ ಓಣೆಲ್ಲಾ ಕಾಳು" ಅಂತಾರ. ಆ ಕಾಳ ಬೆಳಿಯೂ ಮಣ್ಣ ಅದು, ಗಾಡಿ ಓಡ್ಸೂ ಮಣ್ಣ ಅಲ್ಲ. ತೊಯ್ದ ಎರ್ಯಾಗ ನಾವು ಎತ್ತ ಸೈತ ಇಳಸಂಗಿಲ್ಲ. ತುಳದ್ರ ನೆಲ ಗಟ್ಟಿ ಆಗ್ತದ, ಬೆಳಿಗಿ ಬೇರ ಬಿಡಾಕ ಆಗಂಗಿಲ್ಲ. ಹದಾ ಬರೂತನಾ ಕಾಯ್ತೀವಿ. ಜಮಖಂಡಿ ತಮ್ಮಾ, ನೀನೂ ಹದಾ ಕೇಳಿ ಬಾ. ರೈತಗ ಫೋನ್ ಹಚ್ಚಿ "ಹೊಲ ಹದಕ್ಕ ಬಂದದೇನ್ರಿ" ಅಂತ ಕೇಳು. ಇಲ್ಲಂದ್ರ ಗಾಡಿ ರೋಡಿಗೆ ಹಚ್ಚಿ ನಡಕೋತ ಬಾ. ಪೈಪಿನ ಸುರುಳಿ ನಮ್ಮ ಹುಡುಗ್ರು ಹೊತ್ತ ತರ್ತಾರ.

ಇನ್ನ ಐತವಾರಕ್ಕೊಮ್ಮಿ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟಗೊಂಡು ಬದುವಿನ ಮ್ಯಾಲ ಗಾಡಿ ಹತ್ತಿಸೂ ದೊಡ್ಡ ಮಂದಿಗೆ: ಆ ಬದು ಕಟ್ಟಾಕ ನಮ್ಮಪ್ಪನ ನಡಾ ಹೋಗ್ಯಾದ. ಮ್ಯಾಲ ಹತ್ತಬ್ಯಾಡ್ರಿ.


ಕುಂದಾನಗರಿ_ಸವಾರ · ಮೇ 18, ರಾತ್ರಿ 9:30

ಯಜಮಾನ್ರ, ಒಪ್ಪಿದೆ. ಬದುವಿನ ಮಾತಿಗೆ ನಾನೂ ಒಂದ ಸೇರಸ್ತೇನಿ. ಭೀಮಗಡದ ಕಾಡಿನ ಹಾದಿ, ನಿಮ್ಮ ಬಾಗಲಕೋಟಿ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮ, ಎರಡೂ ವನ್ಯಜೀವಿ ಜಾಗಾ. ಅಲ್ಲಿ ಹಾದಿ ಬಿಟ್ಟು ಗಾಡಿ ಹೊಡದು ವಿಡಿಯೋ ಹಾಕೋದು ಸಾಹಸ ಅಲ್ಲ, ಅಪರಾಧ.


ಹಳೇ_ರಾಜದೂತ · ಮೇ 18, ರಾತ್ರಿ 9:51

ಎತ್ತ ಸೈತ ಇಳಸಂಗಿಲ್ಲ ಅಂದ್ರಲ್ಲ, ನನ್ನ ಸಲಹೆ ವಾಪಸ್ ತಗೊಂಡೆ.

ತಮಾಷೆ ಸಾಕು. 1980ರ ದಶಕದಾಗ ನಮ್ಮಪ್ಪ ರಾಜದೂತ ಮ್ಯಾಲ ಎರಡ ಕ್ಯಾನ್ ಹಾಲ ಕಟಗೊಂಡು ಮುಧೋಳಕ್ಕ ಹೋಗತಿದ್ದ. ಮುಂದಿನ ಟೈರಿಗೆ ಉದ್ದುದ್ದ ಗೆರಿ, ಹಿಂದಿಂದಕ್ಕ ಸಣ್ಣ ತುಂಡು. ಅಡ್ವೆಂಚರ್ ಅನ್ನೋ ಶಬ್ದ ಅವಗ ಗೊತ್ತಿರಲಿಲ್ಲ. ಆದ್ರ ಮಳಿಗಾಲ ಬಂತಂದ್ರ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕ ಒಗೀತಿದ್ದ. ಡೋಣಿ ದಂಡಿಯವ್ರು ಹೇಳಿದ ಕಾರಣಕ್ಕ. ಹಾಲ ಮಾತ್ರ ಒಂದ ದಿನ ಚೆಲ್ಲಲಿಲ್ಲ, ಯಾಕಂದ್ರ ಇಪ್ಪತ್ತರ ಮ್ಯಾಲ ಓಡಸ್ತಿರಲಿಲ್ಲ.


ಜಮಖಂಡಿ_ಹನಿ · ಮೇ 19, ಬೆಳಗ್ಗೆ 8:15

ಎಲ್ಲಾರೂ ಕೂಡಿ ನನ್ನ ತಲಿಯೊಳಗಿನ ಬಟನ್ ಕಿತ್ತಿದ್ರಿ. 80-20ರ ಕಡೆನ ಹೋಗತೇನಿ. ಅಂಗಡಿಗೆ ಹೋಗಿ ಬಂದೆ, ಎಂಆರ್‌ಎಫ್ ಮೋಗ್ರಿಪ್ ಮೀಟಿಯರ್ ಎಂ ನನ್ನ ಎರಡೂ ಅಳತಿಯೊಳಗ ಐತಿ ಅಂದ್ರು. ಹಿಂದಿಂದಷ್ಟ ಹಾಕಸ್ಲ್ಯೋ ಎರಡೂ ಹಾಕಸ್ಲ್ಯೋ? ಮುಂದಿಂದು ಇನ್ನೂ ಕಾಣ್ತೈತಿ. 140ರ ಪ್ರಶ್ನೆಗೆ ಯಾರೂ ಉತ್ತರಾ ಕೊಡಲಿಲ್ಲ. ಟೈರ್ ಬದಿಗೆ ಬರದದ್ದು ಏನೂ ತಿಳೀಲಿಲ್ಲ, ನೋಡೇ ಬಂದೆ.


ಕುಂದಾನಗರಿ_ಸವಾರ · ಮೇ 19, ಬೆಳಗ್ಗೆ 10:04

140 ಬ್ಯಾಡ. ನಿಮ್ಮ ರಿಮ್ 120ಕ್ಕ ಮಾಡಿದ್ದು. ಸಣ್ಣ ರಿಮ್ಮಿಗೆ ಅಗಲ ಟೈರ್ ಹಾಕಿದ್ರ ಬದಿಗಳು ಒಳಗ ಹಿಚಕಿಕೊಂಡು ನಡು ಭಾಗ ಗೋಪುರದಂಗ ಏಳತೈತಿ. ಅಗಲ ಕೊಂಡಿರಿ, ಆದ್ರ ನೆಲಕ್ಕ ಹತ್ತೋದು ನಡು ಅಷ್ಟ. ಚೈನಿಗೂ ಹಿಂದಿನ ಗಾಲಿ ಹಿಡಿಯೋ ಸ್ವಿಂಗ್ ಆರ್ಮಿಗೂ ತಿಕ್ಕೋ ಸಂಭವ ಬ್ಯಾರೆ. ರಾಡಿಯೊಳಗ ಅಗಲ ಟೈರ್ ತೇಲತೈತಿ, ಸಣ್ಣದು ಸೀಳಕೊಂಡು ಕೆಳಗಿನ ಗಟ್ಟಿ ನೆಲ ಹುಡುಕತೈತಿ. 140 ಹಾಕಿದ ಗೆಳೆಯಾ ಯಾರ ಮುಂದ ತೋರಸ್ತಾನ ಅಂತ ಕೇಳ್ರಿ.

ಬದಿಯ ಬರಹ: 120/90-17 ಅಂದ್ರ ಅಗಲ 120 ಮಿಲಿಮೀಟರ್, ಎತ್ತರ ಆ ಅಗಲದ ನೂರಕ್ಕ 90, ರಿಮ್ 17 ಇಂಚು. ನಡುವ ಅಡ್ಡಗೆರಿ ಇದ್ರ ಬಯಾಸ್ (ಟೈರಿನ ಒಳಗಿನ ದಾರ ಓರೆ), ಆರ್ ಅಂತ ಇದ್ರ ರೇಡಿಯಲ್ (ದಾರ ಅಡ್ಡ ನೆಟ್ಟಗ). ಅದರ ಮುಂದ ಒಂದ ಅಂಕಿ ಒಂದ ಅಕ್ಷರ ಇರತೈತಿ. ಅಂಕಿ ಭಾರದ್ದು: 54 ಇದ್ರ ಆ ಟೈರ್ 212 ಕಿಲೋ ಹೊರತೈತಿ, 65 ಇದ್ರ 290. ನೀವು ಪೈಪು, ಫಿಟಿಂಗ್ಸ್, ಒಮ್ಮೊಮ್ಮಿ ಹಿಂದೊಬ್ಬ ಹುಡುಗನ್ನೂ ಹೇರತೀರಿ, ಹಂಗಾಗಿ ಈಗ ಇದ್ದ ಅಂಕಿಗಿಂತ ಕಡಿಮಿದು ತಗೋಬ್ಯಾಡ್ರಿ. ಅಕ್ಷರ ವೇಗದ್ದು: ಪಿ ಅಂದ್ರ 150, ಎಸ್ ಅಂದ್ರ 180. ನಮ್ಮ ಗಾಡಿಗೆ ಪಿ ಸಾಕ ಬೇಕಾದಷ್ಟು.

ಡಿಒಟಿ ಅಂತ ಬರದದ್ದರ ಕೊನಿಗೆ ನಾಕ ಅಂಕಿ ಗುಂಡಗ ಗೆರಿಯೊಳಗ ಇರತಾವು. 2324 ಇದ್ರ 2024ರ 23ನೇ ವಾರದಾಗ ಮಾಡಿದ್ದು. ಈ ಜಾತಿ ಟೈರ್ ನಮ್ಮ ಕಡೆ ನಿಧಾನ ಮಾರತಾವು, ಅಂಗಡಿ ಮೂಲ್ಯಾಗ ಎರಡ ಮೂರ ವರ್ಷ ಕುಂತಿರತಾವು. ಬಾಗಿಲ ಮುಂದ ಬಿಸಿಲಿಗೆ ತೂಗ ಹಾಕಿದ್ದು ಕೊಟ್ರ "ಒಳಗಿಂದು ತಗೀರಿ" ಅಂತ ಹೇಳ್ರಿ, ಸಿಟ್ಟಾದ್ರ ಆಗಲಿ.


ಕೆಂಪುಕಲ್ಲು_ಬಾದಾಮಿ · ಮೇ 19, ಸಂಜೆ 4:50

ಮುಂದಿನದೂ ಹಾಕಿಸಿ. ಜಿಪುಣತನ ಮಾಡುವುದಾದರೆ ಹಿಂದಿನ ಗಾಲಿಯಲ್ಲಿ ಮಾಡಿ. ಹಿಂದಿನ ಗಾಲಿ ಜಾರಿದರೆ ಬಾಲ ಬೀಸುತ್ತದೆ, ನೀವೇ ನೋಡಿದ ಹಾಗೆ ಹಿಡಿದುಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಮುಂದಿನದು ಜಾರಿದರೆ ಏನಾಯಿತೆಂದು ತಿಳಿಯುವುದು ನೆಲದ ಮೇಲೆ ಕೂತ ನಂತರ. 23 ಸಾವಿರ ಓಡಿದ ಮುಂದಿನ ಟೈರಿನ ಅಂಚನ್ನು ಬೆರಳಿನಿಂದ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ಸಿಗುತ್ತದೆ. ಎತ್ತರ ಉಳಿದಿದೆ, ಅಂಚು ಸತ್ತಿದೆ. ಕಾನೂನಿನ ಪ್ರಕಾರ ಎರಡು ಗಾಲಿಯ ಗಾಡಿಗೆ 0.8 ಮಿಲಿಮೀಟರ್ ಆಳ ಉಳಿದರೆ ಸಾಕು, ಆದರೆ ಆ ಅಳತೆಗೆ ಬರುವ ಹೊತ್ತಿಗೆ ಗರಸಿನ ಹಾದಿಯಲ್ಲಿ ಹಿಡಿತ ಎಂದೋ ಹೋಗಿರುತ್ತದೆ.

ಹಾಕಿಸುವಾಗ ಬಾಣದ ಗುರುತು ನೋಡಿ. ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೇ ಬಾಣ ಇರಬೇಕು. ನನಗೆ ಒಂದು ಅಂಗಡಿಯಲ್ಲಿ ಉಲ್ಟಾ ಹಾಕಿಕೊಟ್ಟರು, ಮನೆಗೆ ಬಂದ ಮೇಲೆ ಎಂಟನೇ ಕ್ಲಾಸಿನ ಹುಡುಗ ಕಂಡುಹಿಡಿದ. ಹೊಸ ಟೈರಿನ ಮೈ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ಹೆಚ್ಚು ಬಾಗಿಸಬೇಡಿ, ಗಕ್ಕನೆ ಬ್ರೇಕ್ ಹಿಡಿಯಬೇಡಿ.

ಓಡಿಸುವ ಬಗ್ಗೆ ನೀವು ಕೇಳಲೇ ಇಲ್ಲ, ಆದರೂ ಹೇಳುತ್ತೇನೆ. ಗರಸಿನಲ್ಲಿ ಎದ್ದು ನಿಂತು ಓಡಿಸುವುದು ಶೋಕಿಗಲ್ಲ. ಕಾಲಿಡುವ ಪೆಗ್ ಮೇಲೆ ನಿಂತು ಮೊಣಕಾಲಿನಿಂದ ಟ್ಯಾಂಕ್ ಹಿಡಿದರೆ ಗಾಡಿ ನಿಮ್ಮ ಕೆಳಗೆ ತನಗೆ ಬೇಕಾದ ಹಾಗೆ ಅಲುಗಾಡಿಕೊಳ್ಳುತ್ತದೆ, ನಿಮ್ಮನ್ನು ಅಲುಗಾಡಿಸುವುದಿಲ್ಲ. ಹ್ಯಾಂಡಲ್ ಬಿಗಿ ಹಿಡಿಯಬಾರದು. ನಾನು ಕಲಿಯುವಾಗ ಹಿಟ್ಟು ನಾದಿದ ಹಾಗೆ ಹಿಚುಕುತ್ತಿದ್ದೆ, ಸಂಜೆ ಚಪಾತಿ ಲಟ್ಟಿಸಲು ಕೈ ಏಳುತ್ತಿರಲಿಲ್ಲ. ಉಸುಕು ಬಂದರೆ ಭಾರ ಸ್ವಲ್ಪ ಹಿಂದಕ್ಕೆ, ಎಕ್ಸಲರೇಟರ್ ಒಂದೇ ಸಮ, ನೋಟ ದೂರ. ಮುಂದಿನ ಗಾಲಿಯನ್ನೇ ನೋಡಿದರೆ ಅಲ್ಲೇ ಬೀಳುತ್ತೀರಿ. ಬಾದಾಮಿಯ ಮರಳುಗಲ್ಲು ಒಣಗಿದಾಗ ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಪಾಚಿ ಕಟ್ಟಿ ಒದ್ದೆಯಾದಾಗ ಇಳಿದು ತಳ್ಳಿಕೊಂಡು ಹೋಗುತ್ತೇನೆ, ನಾಚಿಕೆ ಇಲ್ಲ.


ಟ್ಯೂಬ್‌ಲೆಸ್_ಪೈಲ್ವಾನ್ · ಮೇ 19, ಸಂಜೆ 6:12

ಇಳಿಜಾರ ಗರಸಿನಾಗ ಹಿಂದಿನ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂಗ ತಡಿಯೋದು) ಬಂದ್ ಮಾಡಬೇಕು ಅನ್ನೋದೂ ಬರೀರಿ ಟೀಚರ್. ಇಲ್ಲಂದ್ರ ಬ್ರೇಕ್ ತುಳದಷ್ಟೂ ಗಾಡಿ ನಿಲ್ಲೋದೇ ಇಲ್ಲ, ಟಕಟಕ ಅಂತ ಇಳದ ಹೋಗತೈತಿ. ಬಿಎಸ್6 (ಹೊಸಾ ಹೊಗಿ ನಿಯಮದ) ಹಿಮಾಲಯನ್‌ಗೆ ಸ್ವಿಚ್ ಐತಿ. ಡಾಂಬರಿಗೆ ಬಂದ ಕೂಡ್ಲೆ ಮತ್ತ ಚಾಲೂ ಮಾಡೋದು ಮರೀಬಾರ್ದು.


ಮುಳ್ಳಿನ_ಕಾಕಾ · ಮೇ 19, ಸಂಜೆ 6:40

ಪೈಲ್ವಾನ ಇವತ್ತ ಶ್ಯಾಣ್ಯಾನ ಮಾತ ಆಡಿದ.


ಜಮಖಂಡಿ_ಹನಿ · ಜೂನ್ 16, ರಾತ್ರಿ 9:20

ತಿಂಗಳ ಮ್ಯಾಲ ಬರೀಯಾಕತ್ತೇನಿ, ತಪ್ಪ ತಿಳಕೋಬ್ಯಾಡ್ರಿ. ಎರಡೂ ಟೈರ್ ಹಾಕಿಸಿದೆ, ಟ್ಯೂಬೂ ಹೊಸಾವು. ಗೇಜ್ ತಗೊಂಡೆ. ಮೊದಲನೇ ದಿನ ಅಳದಾಗ ಅಂಗಡಿಯವ್ರು ಹಿಂದ 40 ಹೊಡದಿದ್ರು! ಬಾಲಾ ಬೀಸಿದ್ದಕ್ಕ ಟೈರ್ ಬೈದಿದ್ದೆ, ಆಗ ಎಷ್ಟ ಇತ್ತೋ ಯಾರಿಗೆ ಗೊತ್ತು. ಈಗ ಮುಂದ 25, ಹಿಂದ 32, ಸಾಮಾನ ಹೇರಿದ ದಿನ ಹಿಂದ ಎರಡ ಹೆಚ್ಚ.

ಮೃಗಶಿರಾ ಮಳಿಯೊಳಗ ಡಾಂಬರ ಮ್ಯಾಲ ಗಾಡಿ ಹಳಿ ಮ್ಯಾಲ ಹೋದಂಗ ಹೋಗತೈತಿ. ಗರಸಿನಾಗ ಬೋಳ ಟೈರಿಗಿಂತ ಸ್ವರ್ಗ. ಎರಿ ಒಳಗ ಡೋಣಿ ದಂಡಿ ಯಜಮಾನ್ರು ಹೇಳಿದ್ದ ಖರೆ ಆತು. ಒಬ್ಬರ ಹೊಲಕ್ಕ ಹದಾ ಕೇಳದ ಹೋದೆ. ಮೂವತ್ತ ಮಾರ ಹೋಗೂದ್ರಾಗ ಎರಡೂ ಗಾಲಿ ಕರೇ ಹೋಳಿಗಿ ಆದ್ವು. ಕಡ್ಡಿ ತಗೊಂಡು ಮಡ್‌ಗಾರ್ಡ್ ಕೆರೀಕೋತ ಕುಂತೆ. ಹೊಲದ ಅಜ್ಜಿ ಬಂದು "ಫೋನ್ ಮಾಡಬಾರ್ದೇನೋ ಮಗನ" ಅಂತ ಬೈದು ರೊಟ್ಟಿ ಕೊಟ್ಲು. ಈಗ ಮೊದಲ ಫೋನ್, ಆಮ್ಯಾಲ ಕಿಕ್... ಅಂದ್ರ ಸೆಲ್ಫ್.


ಡೋಣಿ_ದಂಡಿ · ಜೂನ್ 16, ರಾತ್ರಿ 9:58

ರೊಟ್ಟಿ ಸಿಗ್ತದಂದ್ರ ಹದಾ ಕೇಳದ ಹೋಗೂದೂ ಲಾಭ ಅದ ಬಿಡು.


ಜಮಖಂಡಿ_ಹನಿ · ಆಗಸ್ಟ್ 9, ರಾತ್ರಿ 10:11

ಕಾಕಾ, ನಿಮ್ಮ ಜಾಲಿ ಸಿಕ್ತು. ನಿನ್ನೆ ಬಬಲೇಶ್ವರ ದಾಟಿ ಒಂದ ತೋಟದ ಹಾದಿಯೊಳಗ, ಹಿಂದಿನ ಗಾಲಿ. ಹತ್ತರ ಅಂಗಡಿ ಇರಲಿಲ್ಲ. ಲಿವರ್, ಸಾಬೂನು ನೀರು, ಸಣ್ಣ ಪಂಪ್, 21ರ ಟ್ಯೂಬ್ ಎಲ್ಲಾ ಚೀಲದಾಗ ಇದ್ವು. ಗಾಲಿ ಬಿಚ್ಚಿದೆ, ಬೆರಳಾಡಿಸಿದೆ, ನೀವು ಹೇಳಿದಂಗ ಮುಳ್ಳಿನ ತುದಿ ಒಳಗ ಕುಂತಿತ್ತು, ಕಟಗಿ ಚೂರಿನಂಗ. ತಗದೆ. ಹಳೇ ಟ್ಯೂಬಿಗೆ ಪ್ಯಾಚ್ ಹಚ್ಚಿ ಹಾಕುವಾಗ ಲಿವರಿಗೆ ಸಿಕ್ಕಿಸಿ ನಾನ ಇನ್ನೊಂದ ತೂತ ಮಾಡಿದೆ. ಪ್ಯಾಚ್ ಒಂದ ಉಳದಿತ್ತು, ಅದೂ ಹತ್ತಲಿಲ್ಲ. ಕಡೀಕ 21ರ ಟ್ಯೂಬ್ ಮಡಚಿ ತುರುಕಿದೆ. ಒಂದ ತಾಸು ನಲವತ್ತ ನಿಮಿಷ. ಆಕಳ ಕಾಯೋ ಹುಡುಗ್ರು ನಾಕ ಮಂದಿ ಸುತ್ತ ಕುಂತು ಕ್ರಿಕೆಟ್ ಕಾಮೆಂಟ್ರಿ ಕೊಟ್ಟಂಗ ಕೊಡಾಕತ್ತಿದ್ರು. ನಲವತ್ತರ ವೇಗದಾಗ ಮನಿ ಮುಟ್ಟಿದೆ.


ಮುಳ್ಳಿನ_ಕಾಕಾ · ಆಗಸ್ಟ್ 10, ಬೆಳಗ್ಗೆ 7:05

ಶಾಬ್ಬಾಸ್. ಲಿವರ್ ಹಾಕೂ ಮೊದಲ ಟ್ಯೂಬಿಗೆ ಎರಡ ಪಂಪಿನಷ್ಟು ಹವಾ ಬಿಟ್ಕೋಬೇಕು, ಗುಂಡಗಾದ್ರ ಲಿವರಿಗೆ ಸಿಗಂಗಿಲ್ಲ. ಟೈರಿನ ತುಟಿ ಎದುರಿಗೆ ರಿಮ್ಮಿನ ನಡು ತಗ್ಗಿಗೆ ಕಾಲಿಲೆ ಒತ್ತಿ ಹಿಡಿ, ಈ ಕಡಿ ಸಡ್ಲ ಆಗ್ತದ. ಕಡೀ ತುತ್ತ ಲಿವರ್ ಇಲ್ಲದ ಕೈಲೇ ಒಳಗ ಹೋಗ್ತದ. ವಾಲ್ವ್ ಇದ್ದಲ್ಲಿ ಮುಗಸು.

ಆ 21ರ ಟ್ಯೂಬ್ ತಗ್ಸಿ 17ರದು ಹಾಕಿಸ್ದಿಲ್ಲೋ, ಇನ್ನೂ ಅದರ ಮ್ಯಾಲ ಓಡ್ಯಾಡ್ತಿದ್ದೀಯೋ?


ಜಮಖಂಡಿ_ಹನಿ · ಆಗಸ್ಟ್ 10, ಬೆಳಗ್ಗೆ 7:40

…ನಾಳಿ ವಿಜಯಪುರಕ್ಕ ಕೆಲಸಾ ಐತ್ರಿ ಕಾಕಾ. ಅಂಗಡಿ ಎಷ್ಟಕ್ಕ ತಗೀತೀರಿ?